ಅಂಗೈಯೊಳಗಿನ ದಲ್ಲಾಳಿ

ಹಿಂದೆ ದನದ ಜಾತ್ರೆಗಳಲ್ಲಿ ದಲ್ಲಾಳಿ ಬಾಯಿ ಬಿಡುತ್ತಿರಲಿಲ್ಲ. ಕೊಳ್ಳುವವನ ಕೈ ಹಿಡಿದು ಮೇಲೊಂದು ಟವಲು ಮುಚ್ಚುತ್ತಿದ್ದ. ಟವಲಿನ ಕೆಳಗೆ ಬೆರಳು ಒತ್ತಿ ದರ ಕೇಳುತ್ತಿದ್ದ. ಆಮೇಲೆ ಮಾರುವ ರೈತನ ಬಳಿ ಹೋಗಿ ಅದೇ ಟವಲಿನ ಕೆಳಗೆ ಬೇರೆ ಬೆರಳು ಒತ್ತುತ್ತಿದ್ದ. ಎರಡು ಬೆರಳುಗಳ ನಡುವಿನ ಅಂತರವೇ ಅವನ ಗಂಟು. ಕೊಂಡವನಿಗೆ ಮಾರಿದವನ ದರ ಗೊತ್ತಿಲ್ಲ. ಮಾರಿದವನಿಗೆ ಕೊಂಡವನ ದರ ಗೊತ್ತಿಲ್ಲ. ಇಬ್ಬರದೂ ಗೊತ್ತಿದ್ದವನು ಟವಲಿನ ಒಡೆಯನೊಬ್ಬನೇ.

ಕೃಷಿ ಮಾರುಕಟ್ಟೆಗೆ 1966ರಲ್ಲಿ ಕಾಯಿದೆ ಬಂತು. ಹರಾಜು ಬಹಿರಂಗವಾಗಬೇಕು, ತೂಕ ಎಲ್ಲರ ಎದುರು ಆಗಬೇಕು, ದರ ಹಲಗೆಯ ಮೇಲೆ ಕಾಣಬೇಕು ಎಂದು ನಿಯಮವಾಯಿತು. ಅದು ಎಷ್ಟು ನಡೆಯಿತು, ಎಷ್ಟು ನಡೆಯಲಿಲ್ಲ ಎಂಬುದು ಬೇರೆ ಜಗಳ. ಆದರೆ ಟವಲು ತೆಗೆಯಬೇಕು ಎಂಬ ತತ್ವವನ್ನಾದರೂ ಈ ನಾಡು ಒಪ್ಪಿತು.

ಈಗ ಆ ಟವಲು ಮತ್ತೆ ಬಂದಿದೆ. ಈ ಸಲ ಅದು ಬಟ್ಟೆಯದಲ್ಲ, ಗಾಜಿನದು. ದಲ್ಲಾಳಿ ಜಾತ್ರೆಯಲ್ಲಿ ನಿಂತಿಲ್ಲ. ನಮ್ಮ ನಿಮ್ಮ ಅಂಗೈಯಲ್ಲೇ ಕುಳಿತಿದ್ದಾನೆ. ಊರಿಗೆ ಹೋಗಲು ಬಸ್ಸು, ತಂಗಲು ಕೋಣೆ, ನೋಡಲು ಜಾಗ ಎಲ್ಲವನ್ನೂ ಹುಡುಕಿಕೊಡುತ್ತೇನೆಂದು ಹೇಳುವ ಆ್ಯಪಿನ ಪರದೆಯ ಮಾತು ನಾನು ಆಡುತ್ತಿರುವುದು. ಆ ಪರದೆಯನ್ನು ಹೇಗೆ ಬರೆಯಬೇಕು ಎಂಬುದು ಬೆಂಗಳೂರಿನ ಎಂಜಿನಿಯರುಗಳ ಹಾಗೂ ಚಿತ್ರಗಾರರ ಪ್ರಶ್ನೆ, ಗಿರಣಿಯವರಿಗೂ ಅಂಗಡಿಯವರಿಗೂ ಅದರ ಗೊಡವೆ ಯಾಕೆ ಎಂದು ಕೆಲವರು ಕೇಳಬಹುದು. ಯಾಕೆಂಬುದನ್ನು ಒಂದು ರಸೀದಿಯಿಂದಲೇ ಹೇಳುತ್ತೇನೆ.

ಒಂದು ರಸೀದಿಯ ಕಥೆ

ನಮ್ಮ ಅಕ್ಕಿ ಗಿರಣಿಯ ಹಮಾಲಿ ಗೆಳೆಯರೊಬ್ಬರು ಹೆಂಡತಿಯ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೆ ಹೊರಟರು. ಜೊತೆಗೆ ನಾನೂ ಹೋದೆ. ಆಸ್ಪತ್ರೆಯ ಹತ್ತಿರ ಒಂದು ರಾತ್ರಿಗೆ ಕೋಣೆ ಬೇಕು. ಬಸ್ಸಿನಲ್ಲಿ ಕುಳಿತೇ ಅವರ ಮಗ ಫೋನು ತೆರೆದ. ಪರದೆಯ ಮೇಲೆ 1,999 ರೂಪಾಯಿ ಎಂದು ಬರೆದು ಕೆಂಪು ಗೀಟು ಎಳೆದಿತ್ತು. ಪಕ್ಕದಲ್ಲಿ ದಪ್ಪಕ್ಷರದಲ್ಲಿ 799. ಕೆಳಗೆ ಕೆಂಪು ಬಣ್ಣದಲ್ಲಿ, ಒಂದೇ ಕೋಣೆ ಉಳಿದಿದೆ, ಇಷ್ಟು ಜನ ಇದೀಗ ಇದನ್ನೇ ನೋಡುತ್ತಿದ್ದಾರೆ. ಮೇಲೆ ಗಡಿಯಾರವೊಂದು ಹಿಂದಕ್ಕೆ ಓಡುತ್ತಿತ್ತು. ಹುಡುಗನ ಕೈ ನಡುಗಿತು. ಒತ್ತಿಬಿಟ್ಟ.

ಮುಂದಿನ ಪುಟಕ್ಕೆ 40 ರೂಪಾಯಿ ತೆರಿಗೆ ಸೇರಿತು. ಅದರ ಮುಂದಿನ ಪುಟಕ್ಕೆ 119 ರೂಪಾಯಿ ಸೇವಾ ಶುಲ್ಕ ಬಂತು. ಕೇಳದೇ ಗುರುತು ಹಾಕಿದ ಚೌಕದಲ್ಲಿ 49 ರೂಪಾಯಿಯ ಪ್ರಯಾಣ ರಕ್ಷಣೆ ಇತ್ತು. ಇನ್ನೊಂದು ಚೌಕದಲ್ಲಿ ಧರ್ಮಕಾರ್ಯಕ್ಕೆಂದು 10 ರೂಪಾಯಿ. 799 ಎಂದು ಹತ್ತಿದ ಮೆಟ್ಟಿಲು 1,017ರಲ್ಲಿ ನಿಂತಿತು.

ಲಾಡ್ಜಿಗೆ ಹೋದೆವು. ಗಲ್ಲೆಯಲ್ಲಿ ಕುಂದಾಪುರ ಕಡೆಯ ಹಿರಿಯರೊಬ್ಬರು ಕುಳಿತಿದ್ದರು. ಒಂದೇ ಕೋಣೆ ಉಳಿದಿತ್ತಂತಲ್ಲ ಎಂದು ಕೇಳಿದೆ. ಅವರು ನಕ್ಕರು. "ಹನ್ನೊಂದು ಖಾಲಿ ಉಂಟು ಮಾರಾಯ್ರೆ. ನಿಮಗೆ ಯಾವ ಮಹಡಿ ಬೇಕು ಹೇಳಿ" ಅಂದರು. ಸೀದಾ ಬಂದಿದ್ದರೆ ಎಷ್ಟು ತಗೊಳ್ಳುತ್ತಿದ್ದಿರಿ ಎಂದೆ. "ತೆರಿಗೆ ಸೇರಿ ಎಂಟುನೂರ ಐವತ್ತು. ಇವರ ಮೂಲಕ ಬಂದರೆ ನನಗೆ ಸಿಕ್ಕುವುದು ನೂರಕ್ಕೆ ಇಪ್ಪತ್ತು ಕಳೆದು. ಎಂತ ಮಾಡುದು, ಆ ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೆ ಲಾಡ್ಜೇ ಇಲ್ಲ ಅಂತ ಜನ ತಿಳಿಯುದು" ಅಂದರು.

ಲೆಕ್ಕ ಹಾಕಿ ನೋಡಿ. ಕೊಟ್ಟದ್ದು 1,017. ಸರಕಾರಕ್ಕೆ 40. ಲಾಡ್ಜಿಗೆ 799ರಲ್ಲಿ ಐದನೇ ಒಂದು ಪಾಲು ಹೋಗಿ 639. ಉಳಿದ 338 ರೂಪಾಯಿ ಟವಲಿನ ಕೆಳಗೆ ಹೋಯಿತು. ಆ ಕೋಣೆಯ ಹಾಸಿಗೆ ಹಾಸಿದ್ದು ದಲ್ಲಾಳಿಯಲ್ಲ, ಕಸ ಗುಡಿಸಿದ್ದು ದಲ್ಲಾಳಿಯಲ್ಲ, ನೀರು ಕಾಯಿಸಿದ್ದು ದಲ್ಲಾಳಿಯಲ್ಲ. 338 ರೂಪಾಯಿಗೆ ಎಷ್ಟು ಚೀಲ ಹೊರಬೇಕು ಎಂಬುದನ್ನು ಗಿರಣಿಯ ಬಾಗಿಲಲ್ಲಿ ನಿಂತ ಸಂಗಾತಿಗಳು ತಾವೇ ಎಣಿಸಿಕೊಳ್ಳಲಿ.

ಅದು ಚಿತ್ರವಲ್ಲ, ತಕ್ಕಡಿ

ಪರದೆಯ ವಿನ್ಯಾಸ ಎಂದರೆ ಬಣ್ಣ, ಅಂದ, ಅಲಂಕಾರ ಎಂದು ನಾವು ತಿಳಿದಿದ್ದೇವೆ. ಹಾಗೆ ತಿಳಿಯಬೇಕೆಂದೇ ಧಣಿಗಳ ಆಸೆ. ಆದರೆ ಅಂಗಡಿ ಇಟ್ಟವರಿಗೆ ಗೊತ್ತು: ಗಲ್ಲೆ ಎಲ್ಲಿಡಬೇಕು, ಯಾವ ಸರಕು ಕಣ್ಣಿನ ಮಟ್ಟಕ್ಕೆ ಇಡಬೇಕು, ತಕ್ಕಡಿ ಗಿರಾಕಿಗೆ ಕಾಣುವಂತೆ ಇಡಬೇಕೋ ಬೇಡವೋ ಎಂಬುದು ಅಲಂಕಾರದ ಪ್ರಶ್ನೆಯಲ್ಲ, ವ್ಯಾಪಾರದ ಪ್ರಶ್ನೆ. ಕೋಣೆ ಹುಡುಕುವ ಆ್ಯಪಿನಲ್ಲಿ ಪರದೆಯೇ ಬೀದಿ, ಪರದೆಯೇ ಫಲಕ, ಪರದೆಯೇ ಗಲ್ಲೆ, ಪರದೆಯೇ ರಸೀದಿ. ನಾಲ್ಕನ್ನೂ ಬರೆಯುವವನು ಒಬ್ಬನೇ ಆದರೆ, ಅವನು ಇಟ್ಟದ್ದೇ ತೂಕ.

ಆರು ಅಂಗುಲದ ಪರದೆಯ ಮೇಲೆ ಒಂದು ಸಲಕ್ಕೆ ಕಾಣುವುದು ಎರಡೋ ಮೂರೋ ಲಾಡ್ಜು. ನೂರು ಲಾಡ್ಜುಗಳಿರುವ ಊರಿನಲ್ಲಿ ಆ ಮೂರು ಯಾವುವು ಎಂದು ತೀರ್ಮಾನಿಸುವವನು, ಊರಿನ ಎಲ್ಲ ಲಾಡ್ಜುಗಳನ್ನೂ ಎತ್ತಿ ತನಗೆ ಬೇಕಾದ ಬೀದಿಯಲ್ಲಿ ನಿಲ್ಲಿಸಬಲ್ಲ. ಮೊದಲ ಹೆಸರು ಬಸ್ ನಿಲ್ದಾಣದ ಎದುರಿನ ಕಟ್ಟಡ. ನಲವತ್ತನೇ ಹೆಸರು ಊರಾಚೆಯ ಗುಡ್ಡ. ಈ ಅಧಿಕಾರ ಯಾವ ಪುರಸಭೆಗೂ ಇಲ್ಲ.

ಈ ಅಧಿಕಾರವನ್ನು ಹೇಗೆ ಬಳಸುತ್ತಾರೆ ಎಂಬುದಕ್ಕೆ ನಾನು ಊಹೆ ಹೇಳಬೇಕಾಗಿಲ್ಲ. ನ್ಯಾಯಾಲಯಗಳ ದಾಖಲೆಯೇ ಇದೆ. ಆಸ್ಟ್ರೇಲಿಯಾದಲ್ಲಿ ಟ್ರಿವಾಗೊ ಎಂಬ ಕಂಪನಿ, ಹೋಟಲಿನ ಅತ್ಯಂತ ಅಗ್ಗದ ದರ ಹುಡುಕಿಕೊಡುತ್ತೇನೆಂದು ದೂರದರ್ಶನದಲ್ಲಿ ಡಂಗುರ ಸಾರಿತು. ಅಲ್ಲಿಯ ಫೆಡರಲ್ ಕೋರ್ಟು 2020ರ ಜನವರಿಯಲ್ಲಿ ಕೊಟ್ಟ ತೀರ್ಪಿನಲ್ಲಿ ಬಯಲಾದದ್ದೇನು? ಮೇಲೆ ಎದ್ದು ಕಾಣುವಂತೆ ಇಟ್ಟ ದರ ಅಗ್ಗದ್ದಾಗಿರಲಿಲ್ಲ. ಯಾರು ಪ್ರತಿ ಒತ್ತಿಗೆ ಹೆಚ್ಚು ಹಣ ಕೊಡುತ್ತಾರೋ ಅವರಿಗೆ ಅಲ್ಲಿ ಹೆಚ್ಚಿನ ಮನ್ನಣೆ ಸಿಗುತ್ತಿತ್ತು. ನೂರರಲ್ಲಿ ಸುಮಾರು 67 ಪಟ್ಟಿಗಳಲ್ಲಿ ಅಗ್ಗದ ದರ ಇದ್ದರೂ ದುಬಾರಿಯದನ್ನೇ ಮೇಲಿಟ್ಟಿದ್ದರು. ಗೀಟು ಎಳೆದ ದೊಡ್ಡ ಬೆಲೆ ಎಷ್ಟೋ ಸಲ ಅದೇ ಹೋಟಲಿನ ಐಷಾರಾಮಿ ಕೋಣೆಯದು. ಪಕ್ಕದ ಚಿಕ್ಕ ಬೆಲೆ ಸಾಧಾರಣ ಕೋಣೆಯದು. ರೇಷ್ಮೆ ಸೀರೆಯ ಬೆಲೆಗೆ ಗೀಟು ಎಳೆದು ನೂಲಿನ ಸೀರೆ ಮಾರಿದಂತೆ. 2022ರ ಏಪ್ರಿಲ್‌ನಲ್ಲಿ ಆ ಕಂಪನಿಗೆ 4 ಕೋಟಿ 47 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು.

ಇಂಗ್ಲೆಂಡಿನಲ್ಲಿ 2019ರ ಫೆಬ್ರವರಿಯಲ್ಲಿ ಎಕ್ಸ್‌ಪೀಡಿಯಾ, ಬುಕಿಂಗ್ ಡಾಟ್ ಕಾಮ್, ಅಗೋಡಾ, ಹೋಟೆಲ್ಸ್ ಡಾಟ್ ಕಾಮ್, ಈಬುಕರ್ಸ್, ಟ್ರಿವಾಗೊ ಎಂಬ ಆರು ಸಂಸ್ಥೆಗಳು ಅಲ್ಲಿಯ ಸ್ಪರ್ಧಾ ಪ್ರಾಧಿಕಾರಕ್ಕೆ ವಚನ ಬರೆದುಕೊಟ್ಟವು. ಕಮಿಷನ್ನಿನಿಂದ ಪಟ್ಟಿಯ ಕ್ರಮ ಬದಲಾಗುತ್ತಿದ್ದರೆ ಅದನ್ನು ಹೇಳುತ್ತೇವೆ, ಸುಳ್ಳು ಅವಸರ ಹುಟ್ಟಿಸುವುದಿಲ್ಲ, ಸುಳ್ಳು ರಿಯಾಯಿತಿ ತೋರಿಸುವುದಿಲ್ಲ, ಕಡ್ಡಾಯ ಶುಲ್ಕಗಳನ್ನು ಬಚ್ಚಿಡುವುದಿಲ್ಲ ಎಂದು. ಅದೇ ವರ್ಷದ ಡಿಸೆಂಬರಿನಲ್ಲಿ ಬುಕಿಂಗ್ ಡಾಟ್ ಕಾಮ್ ಯುರೋಪಿನ ಆಯೋಗದ ಎದುರು ಇನ್ನೊಂದು ಮಾತು ಒಪ್ಪಿತು: ಕೊನೆಯ ಕೋಣೆ ಎಂದು ಬರೆದರೆ, ಅದು ತನ್ನ ಜಾಲದಲ್ಲಿ ಮಾತ್ರ ಕೊನೆಯದು ಎಂದು ಸ್ಪಷ್ಟಪಡಿಸಬೇಕು. ಅರ್ಥವಾಯಿತೇ? ಲಾಡ್ಜಿನಲ್ಲಿ ಹನ್ನೊಂದು ಖಾಲಿ ಇರಬಹುದು. ಆ್ಯಪಿಗೆಂದು ಬಿಟ್ಟುಕೊಟ್ಟ ಪಾಲಿನಲ್ಲಿ ಉಳಿದದ್ದು ಒಂದು. ಆ ಒಂದನ್ನು ಕೆಂಪಕ್ಷರದಲ್ಲಿ ಬರೆದರೆ ಬಸ್ಸಿನಲ್ಲಿ ಕುಳಿತ ಹುಡುಗನ ಕೈ ನಡುಗುತ್ತದೆ. ನಡುಗಲಿ ಎಂದೇ ಬರೆದದ್ದು.

ಗಡಿಯಾರ ಹಿಡಿದ ಮೇಸ್ತ್ರಿ

ಗಿರಣಿಯವರಿಗೆ ಗಡಿಯಾರ ಹಿಡಿದು ನಿಲ್ಲುವ ಮೇಸ್ತ್ರಿ ಹೊಸಬನಲ್ಲ. ಕೂಲಿಯವನ ಕೈ ಎಷ್ಟು ಸೆಕೆಂಡಿಗೆ ಎಲ್ಲಿಗೆ ಹೋಗುತ್ತದೆ ಎಂದು ಅಳೆದು, ಒಂದು ಮಗ್ಗದ ಜಾಗದಲ್ಲಿ ಎರಡು ಕೊಟ್ಟವನು ಅವನು. ಅದೇ ವಿದ್ಯೆ ಈಗ ಗಿರಾಕಿಯ ಬೆರಳಿನ ಮೇಲೆ ನಡೆಯುತ್ತಿದೆ. ಸಾವಿರಾರು ಜನಕ್ಕೆ ಒಂದು ಪರದೆ, ಬೇರೆ ಸಾವಿರಾರು ಜನಕ್ಕೆ ಇನ್ನೊಂದು ಪರದೆ ತೋರಿಸುತ್ತಾರೆ. ಒಂದರಲ್ಲಿ ಗುಂಡಿ ಹಸಿರು, ಇನ್ನೊಂದರಲ್ಲಿ ಕೆಂಪು. ಒಂದರಲ್ಲಿ ಗಡಿಯಾರ ಇದೆ, ಇನ್ನೊಂದರಲ್ಲಿ ಇಲ್ಲ. ಯಾವುದರಲ್ಲಿ ಹೆಚ್ಚು ಜನ ಹಣ ಕಟ್ಟಿದರೋ ಅದು ಉಳಿಯುತ್ತದೆ. ಯಾವುದರಲ್ಲಿ ಹೆಚ್ಚು ಜನರಿಗೆ ಒಳ್ಳೆಯ ಕೋಣೆ ಸಿಕ್ಕಿತು ಎಂಬುದನ್ನು ಅಳೆಯಲು ಇಷ್ಟೊಂದು ಆತುರ ಕಾಣುವುದಿಲ್ಲ.

ಈ ವಂಚನೆಯ ಗೆರೆಗಳಿಗೆ 2010ರಲ್ಲಿ ಹ್ಯಾರಿ ಬ್ರಿಗ್ನಲ್ ಎಂಬ ಇಂಗ್ಲೆಂಡಿನ ವಿನ್ಯಾಸಕಾರ ಡಾರ್ಕ್ ಪ್ಯಾಟರ್ನ್ ಎಂದು ಹೆಸರಿಟ್ಟ. ನಾವು ಕತ್ತಲೆಯ ವಿನ್ಯಾಸ ಎನ್ನೋಣ. ನಮ್ಮ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ಬಗೆಯ ಮೋಸಗಳನ್ನು ಪಟ್ಟಿಮಾಡಿ ನಿಷೇಧಿಸಿತು. ಸುಳ್ಳು ಅವಸರ ಅದರಲ್ಲಿದೆ. ಕೇಳದೇ ಬುಟ್ಟಿಗೆ ಸರಕು ಸೇರಿಸುವುದು ಅದರಲ್ಲಿದೆ. ಬೆಲೆಯನ್ನು ಪುಟಕ್ಕೆ ಒಂದು ತೊಟ್ಟಿನಂತೆ ಬಿಡುವುದು ಅದರಲ್ಲಿದೆ. ಬೇಡ ಎಂದವನಿಗೆ ನಾಚಿಕೆಯಾಗುವಂತೆ ಬರೆಯುವುದು ಅದರಲ್ಲಿದೆ. ಜಾಹೀರಾತಿಗೆ ವೇಷ ಹಾಕಿ ಸುದ್ದಿಯಂತೆ ತೋರಿಸುವುದೂ ಅದರಲ್ಲಿದೆ. ನಮ್ಮ ಗೆಳೆಯನ ಆ ಒಂದು ರಸೀದಿಯನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಒಂದು ರಾತ್ರಿಯ ಕೋಣೆಗೆ ಎಷ್ಟು ಅಪರಾಧಗಳು!

ಅದಕ್ಕೂ ಮೊದಲೇ, 2020ರ ಗ್ರಾಹಕ ರಕ್ಷಣೆಯ ಇ-ಕಾಮರ್ಸ್ ನಿಯಮಗಳಲ್ಲಿ, ಮೊದಲೇ ಗುರುತು ಹಾಕಿದ ಚೌಕದಿಂದ ಗಿರಾಕಿಯ ಒಪ್ಪಿಗೆ ಪಡೆಯಬಾರದು ಎಂದಿದೆ. ಒಟ್ಟು ಬೆಲೆ ಒಂದೇ ಅಂಕಿಯಲ್ಲಿ, ಬಿಡಿ ವಿವರದೊಡನೆ ಇರಬೇಕು ಎಂದಿದೆ. ಪಟ್ಟಿಯ ಕ್ರಮ ಯಾವ ಮುಖ್ಯ ಕಾರಣಗಳಿಂದ ಆಗುತ್ತದೆ ಎಂಬುದನ್ನು ಸರಳ ಭಾಷೆಯಲ್ಲಿ ತಿಳಿಸಬೇಕು ಎಂದೂ ಇದೆ. ಸರಳ ಭಾಷೆ ಎಂದರೆ ಯಾರ ಸರಳ ಭಾಷೆ? ಅಂಗೈ ಅಗಲದ ಗಾಜಿನಲ್ಲಿ, ಇರುವೆ ಕಾಲಿನಂಥ ಇಂಗ್ಲಿಷ್ ಅಕ್ಷರದಲ್ಲಿ, ನಾಲ್ಕು ಪುಟ ಕೆಳಗೆ ಇಳಿದರೆ ಸಿಗುವುದು ನಮ್ಮ ಹಮಾಲರಿಗೆ ಸರಳವೇ?

ಕಾಯಿದೆ ಇದೆ; ಕಾವಲು ಎಲ್ಲಿ? 2025ರ ಜೂನ್‌ನಲ್ಲಿ ಆ ಪ್ರಾಧಿಕಾರ ಎಲ್ಲ ಆನ್‌ಲೈನ್ ಸಂಸ್ಥೆಗಳಿಗೂ ಒಂದು ಸಲಹೆ ಕಳಿಸಿತು. ಮೂರು ತಿಂಗಳೊಳಗೆ ನಿಮ್ಮ ಪರದೆಗಳನ್ನು ನೀವೇ ತಪಾಸಣೆ ಮಾಡಿಕೊಳ್ಳಿ, ಇಂಥ ಮೋಸ ಇಲ್ಲವೆಂದು ನೀವೇ ಘೋಷಿಸಿಕೊಳ್ಳಿ ಎಂದು. ಸಣ್ಣ ವ್ಯಾಪಾರಿ ಬಂಧುಗಳೇ, ನಿಮ್ಮ ತಕ್ಕಡಿಯನ್ನು ನೀವೇ ತಪಾಸಣೆ ಮಾಡಿಕೊಳ್ಳಿ ಎಂದು ಯಾವ ಇನ್‌ಸ್ಪೆಕ್ಟರಾದರೂ ನಿಮಗೆ ಪತ್ರ ಬರೆದದ್ದುಂಟೇ? ಗಡುವು ದಾಟಿದ ತಕ್ಕಡಿ ಸಿಕ್ಕರೆ ನಿಮಗೆ ದಂಡ. ಬಿಸ್ಕತ್ತಿನ ಪೊಟ್ಟಣದ ಮೇಲೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ ಅಚ್ಚಾಗಿರಬೇಕು. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಿದರೆ ನೀವು ಅಪರಾಧಿ. ಐದು ರೂಪಾಯಿಯ ಬಿಸ್ಕತ್ತಿಗೆ ಇರುವ ಈ ಶಿಸ್ತು ಸಾವಿರ ರೂಪಾಯಿಯ ಕೋಣೆಗೆ ಯಾಕಿಲ್ಲ? ಒಬ್ಬನ ತಕ್ಕಡಿ ಸರಕಾರದ ಮುದ್ರೆ ಬೇಡುತ್ತದೆ, ಇನ್ನೊಬ್ಬನ ತಕ್ಕಡಿ ಅವನ ಸ್ವಂತ ಮಾತನ್ನೇ ಮುದ್ರೆ ಎನ್ನುತ್ತದೆ. ಇದು ಯಾವ ಸಮಾನತೆ?

ತೆರಿಗೆ ಎಷ್ಟೆಂದು ಮೊದಲೇ ಹೇಳಲಾಗದು ಎಂಬ ನೆಪವೂ ಸುಳ್ಳು. ದಿನಕ್ಕೆ 1,000 ರೂಪಾಯಿಯವರೆಗಿನ ಕೋಣೆಗೆ 2022ರ ಜುಲೈ 18ರವರೆಗೆ ಜಿಎಸ್‌ಟಿ ಇರಲಿಲ್ಲ. ಅಂದಿನಿಂದ ನೂರಕ್ಕೆ 12 ಆಯಿತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿಯವರೆಗಿನ ಕೋಣೆಗೆ ನೂರಕ್ಕೆ 5. ಇದು ಮೂರನೇ ತರಗತಿಯ ಹುಡುಗ ಬಾಯಲ್ಲಿ ಹೇಳುವ ಗುಣಾಕಾರ. ನಾವು ಯಾವ ಊರಿನ ಬಗ್ಗೆ ಯೋಚಿಸುತ್ತಿದ್ದೇವೆ ಎಂದು ಬಾಯಿ ಬಿಡುವ ಮೊದಲೇ ಊಹಿಸುವ ಯಂತ್ರಕ್ಕೆ 799ರಲ್ಲಿ ನೂರಕ್ಕೆ ಐದು ಎಷ್ಟೆಂದು ಕೊನೆಯ ಪುಟದಲ್ಲೇ ಹೊಳೆಯುತ್ತದೆಯೇ? ಬಂಡವಾಳದ ತವರಾದ ಅಮೆರಿಕದಲ್ಲೇ 2025ರ ಮೇ 12ರಿಂದ, ತಂಗುವ ಕೋಣೆಗಳ ಕಡ್ಡಾಯ ಶುಲ್ಕಗಳನ್ನೆಲ್ಲ ಸೇರಿಸಿದ ಬೆಲೆಯನ್ನೇ ಮೊದಲು ತೋರಿಸಬೇಕೆಂದು ನಿಯಮವಿದೆ. ಅಲ್ಲಿ ಆಗುವುದು ಇಲ್ಲಿ ಆಗದೇ?

ಲಾಡ್ಜಿನವನ ಕೊರಳಿಗೆ ಹಗ್ಗ

ಗಿರಾಕಿಯ ಜೇಬಿಗೆ ಬಿದ್ದ ಕತ್ತರಿಯ ಮಾತಾಯಿತು. ಇನ್ನು ಲಾಡ್ಜಿನವರ ಕಡೆ ನೋಡೋಣ. ಇಪ್ಪತ್ತು ಕೋಣೆಯ ಲಾಡ್ಜು ಇಟ್ಟವನು ಬಂಡವಾಳಶಾಹಿಯಲ್ಲ. ಅವನೂ ನಮ್ಮ ಬೀದಿಯ ಕಿರಾಣಿ ಅಂಗಡಿಯವನಂತೆ ಸಾಲದಲ್ಲಿ ಕಾಲಿಟ್ಟವನು.

ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 19ರಂದು ಒಂದು ಆದೇಶ ಹೊರಡಿಸಿತು. ಮೇಕ್‌ಮೈಟ್ರಿಪ್-ಗೋಐಬಿಬೋ ಕೂಟಕ್ಕೆ 223.48 ಕೋಟಿ ರೂಪಾಯಿ, ಓಯೋಗೆ 168.88 ಕೋಟಿ ರೂಪಾಯಿ ದಂಡ ಹಾಕಿತು. ಹೋಟಲುಗಳ ಸಂಘವೇ ದೂರು ಕೊಟ್ಟಿತ್ತು. ಆಯೋಗ ಕಂಡದ್ದೇನು? ಬೇರೆ ಜಾಲದಲ್ಲಾಗಲಿ, ಹೋಟಲಿನ ಸ್ವಂತ ಜಾಲತಾಣದಲ್ಲಾಗಲಿ, ತಮ್ಮಲ್ಲಿ ತೋರಿಸುವ ದರಕ್ಕಿಂತ ಕಡಿಮೆಗೆ ಕೋಣೆ ಮಾರಬಾರದು ಎಂದು ಹೋಟಲಿನವರಿಂದ ಬರೆಸಿಕೊಂಡಿದ್ದರು. ಓಯೋ ಜೊತೆಗಿನ ಒಪ್ಪಂದದ ಫಲವಾಗಿ ಅದರ ಪ್ರತಿಸ್ಪರ್ಧಿಗಳಾದ ಫ್ಯಾಬ್‌ಹೋಟೆಲ್ಸ್, ಟ್ರೀಬೋ ಹೆಸರುಗಳನ್ನು ಪರದೆಯಿಂದಲೇ ಕಿತ್ತುಹಾಕಲಾಗಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. ಅದು ಅವರ ಹಕ್ಕು, ಹೋಗಲಿ. ಆದರೆ ಆದೇಶದ ಸಾರವನ್ನು ನಮ್ಮ ಭಾಷೆಯಲ್ಲಿ ಹೇಳಬೇಕಾದರೆ ಹೀಗೆ: ಸಂತೆಯ ಗುತ್ತಿಗೆದಾರನೊಬ್ಬ ಬಂದು, ನನ್ನ ಸಂತೆಯಲ್ಲಿ ಬದನೆಕಾಯಿಗೆ ನಲವತ್ತು ಎಂದರೆ ನಿನ್ನ ಅಂಗಡಿಯ ಫಲಕದಲ್ಲೂ ಮೂವತ್ತೆಂಟು ಎಂದು ಬರೆಯಬಾರದು, ಆ ನಲವತ್ತರಲ್ಲಿ ಎಂಟು ನನ್ನದು ಎಂದ ಹಾಗೆ.

ಯುರೋಪಿನಲ್ಲೂ ಇದೇ ಜಗಳ. ಸ್ಪೇನಿನ ಸ್ಪರ್ಧಾ ಆಯೋಗ 2024ರ ಜುಲೈನಲ್ಲಿ ಬುಕಿಂಗ್ ಡಾಟ್ ಕಾಮ್‌ಗೆ 41 ಕೋಟಿ 32 ಲಕ್ಷ ಯೂರೋ ದಂಡ ಹಾಕಿತು. ಬೇರೆ ಬೇರೆ ದೇಶ, ಬೇರೆ ಬೇರೆ ಕಂಪನಿ, ಆದರೆ ಕಥೆ ಒಂದೇ. ಆದ್ದರಿಂದ ಇದು ಯಾರೋ ಒಬ್ಬ ಕೆಟ್ಟ ಧಣಿಯ ದುರ್ಬುದ್ಧಿ ಎಂದು ಸಮಾಧಾನ ಮಾಡಿಕೊಳ್ಳುವಂತಿಲ್ಲ. ನಡುವೆ ನಿಂತವನಿಗೆ ಎರಡೂ ಕಡೆಯ ಕಣ್ಣು ಕಟ್ಟುವ ಶಕ್ತಿ ಕೊಟ್ಟರೆ ಅವನು ಕಟ್ಟಿಯೇ ಕಟ್ಟುತ್ತಾನೆ.

ಲಾಡ್ಜಿನವನು ಈ ಹೊರೆಯನ್ನು ಎಲ್ಲಿ ಇಳಿಸುತ್ತಾನೆ? ಕೋಣೆ ಗುಡಿಸುವ ಹೆಂಗಸಿನ ಸಂಬಳದಲ್ಲಿ. ರಾತ್ರಿ ಪಾಳಿಯ ಹುಡುಗನ ಊಟದಲ್ಲಿ. ಬದಲಾಯಿಸದ ಹಾಸಿಗೆ ಬಟ್ಟೆಯಲ್ಲಿ. ಕಡೆಗೆ ಗಿರಾಕಿ ಬಂದು ಅದೇ ಹುಡುಗನ ಮೇಲೆ ರೇಗುತ್ತಾನೆ, ಫೋನಿನಲ್ಲಿ ಒಂದು ನಕ್ಷತ್ರ ಕೊಟ್ಟು ಹೋಗುತ್ತಾನೆ. ಬಡವರು ಬಡವರಿಗೆ ನಕ್ಷತ್ರ ಕಡಿಮೆ ಮಾಡಿಕೊಳ್ಳುತ್ತಿರುವಾಗ, 338 ರೂಪಾಯಿ ತೆಗೆದುಕೊಂಡವನಿಗೆ ನಕ್ಷತ್ರ ಕೊಡುವ ಚೌಕವೇ ಪರದೆಯ ಮೇಲೆ ಇಲ್ಲ!

ಕೆಲವರ ಆಕ್ಷೇಪಗಳು

ಹಾಗಾದರೆ ಹಳೆಯ ಕಾಲವೇ ಚೆನ್ನಾಗಿತ್ತೇ ಎಂದು ಕೇಳುವವರಿದ್ದಾರೆ. ಇಲ್ಲ, ನಾನು ಹಾಗೆನ್ನುವುದಿಲ್ಲ. ಬಸ್ ನಿಲ್ದಾಣದಲ್ಲಿ ಕೈಚೀಲ ಕಿತ್ತುಕೊಂಡು ತನ್ನ ಲಾಡ್ಜಿಗೆ ಎಳೆಯುತ್ತಿದ್ದ ದಲ್ಲಾಳಿಯನ್ನು ನಾನೂ ಕಂಡಿದ್ದೇನೆ. ಗಲ್ಲೆಯಲ್ಲಿ ಕುಳಿತವನು ಮುಖ ನೋಡಿ, ಬಟ್ಟೆ ನೋಡಿ, ಊರು ಕೇಳಿ, ಕಡೆಗೆ ನೀವು ಯಾವ ಜನ ಎಂದು ಕೇಳಿ ಕೋಣೆ ಇಲ್ಲ ಎಂದದ್ದನ್ನೂ ಕೇಳಿದ್ದೇನೆ. ಹೋಟಲಿನ ಬಾಗಿಲು ಜಾತಿ ಧರ್ಮ ನೋಡಿ ಮುಚ್ಚಬಾರದೆಂದು ಸಂವಿಧಾನದ 15ನೇ ವಿಧಿ ಹೇಳುತ್ತದೆ. ಆದರೂ ಎಷ್ಟು ಬಾಗಿಲು ಮುಚ್ಚಿವೆ. ಅಪರಿಚಿತ ಊರಿಗೆ ರಾತ್ರಿ ಹನ್ನೊಂದಕ್ಕೆ ಇಳಿಯುವ ಒಂಟಿ ಹೆಣ್ಣುಮಗಳಿಗೆ, ದರ ಮತ್ತು ಜಾಗ ಮೊದಲೇ ತಿಳಿಯುವುದು ಸಣ್ಣ ಉಪಕಾರವಲ್ಲ. ಆದ್ದರಿಂದಲೇ ನಾನು ಆ್ಯಪು ಸುಡಿ ಎನ್ನುತ್ತಿಲ್ಲ. ಮಗ್ಗ ಸುಡುವುದು ನಮ್ಮ ದಾರಿಯಲ್ಲ. ಮಗ್ಗ ಯಾರಿಗಾಗಿ ಓಡಬೇಕು ಎಂದು ಕೇಳುವುದು ನಮ್ಮ ದಾರಿ.

ಬೇಡವೆಂದರೆ ಬಳಸಬೇಡಿ ಎನ್ನುವ ಮಹಾಶಯರೂ ಇದ್ದಾರೆ. ಊರಿನ ಏಕೈಕ ಸೇತುವೆಗೆ ಸುಂಕ ಹಾಕಿ, ಬೇಡವೆಂದರೆ ಈಜಿಕೊಂಡು ಹೋಗಿ ಎಂದಂತಾಯಿತು. ಆಸ್ಪತ್ರೆ, ಪರೀಕ್ಷೆ, ಕೋರ್ಟು, ಕೆಲಸದ ಸಂದರ್ಶನ ಇವಕ್ಕೆ ಹೋಗುವವರು ವಿಹಾರಕ್ಕೆ ಹೋಗುವವರಲ್ಲ. ಅವರಿಗೆ ಕೋಣೆ ಬೇಕೇ ಬೇಕು, ಅಂದೇ ಬೇಕು.

ಕಮಿಷನ್ ಇಲ್ಲದೆ ಯಂತ್ರ ನಡೆಯುವುದು ಹೇಗೆ ಎಂಬುದು ಮೂರನೆಯ ಪ್ರಶ್ನೆ. ಇದು ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. 2022ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಆಟೋ ಚಾಲಕರ ಸಂಘದ ಜೊತೆ ಸೇರಿ ನಮ್ಮ ಯಾತ್ರಿ ಎಂಬ ಆ್ಯಪು ಬಂತು. ಪ್ರತಿ ಸವಾರಿಗೆ ಕಮಿಷನ್ ಕತ್ತರಿಸುವ ಬದಲು 2023ರಿಂದ ಚಾಲಕನಿಂದ ದಿನಕ್ಕೆ 25 ರೂಪಾಯಿಯಂಥ ಒಂದು ನಿಗದಿ ಶುಲ್ಕ ಇಟ್ಟಿತು. ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ಓದಬಹುದಾದಂತೆ ತೆರೆದಿಟ್ಟಿತು. ಪರದೆಯಲ್ಲಿ ಕನ್ನಡ ಇತ್ತು. ಅದು ಕುಂದಿಲ್ಲದ್ದು ಎಂದು ನಾನು ಹೊಗಳುತ್ತಿಲ್ಲ. ಅದೂ ಕಂಪನಿಯ ಕೈಯಲ್ಲೇ ಇದೆ. ಆದರೆ ಒಂದು ಮಾತು ಸಾಬೀತಾಯಿತು: ನೂರಕ್ಕೆ ಇಪ್ಪತ್ತು ಎಂಬುದು ದೇವರು ಬರೆದ ವಿಧಿಯಲ್ಲ. ಯಂತ್ರ ನಡೆಸಲು ಬಾಡಿಗೆ ಸಾಕು, ದುಡಿಮೆಯಲ್ಲಿ ಪಾಲು ಬೇಡ.

ಪ್ರಾಮಾಣಿಕ ಪರದೆ ಹೇಗಿರಬೇಕು?

ಬರೀ ಬೈದರೆ ಆಗದು. ನಾವು ಬರೆಯುವುದಾದರೆ ಹೇಗೆ ಬರೆಯುತ್ತೇವೆ ಎಂದು ಹೇಳಬೇಕು. ನಮ್ಮ ಬೇಡಿಕೆಗಳು ಇವು.

ಒಂದು, ಮೊದಲ ಪರದೆಯ ಮೇಲೆ ಕಾಣುವ ಬೆಲೆಯೇ ಕೊನೆಯ ಬೆಲೆ. ತೆರಿಗೆ, ಶುಲ್ಕ ಎಲ್ಲ ಸೇರಿದ್ದು. ಗೀಟು ಎಳೆದ ಬೆಲೆ ಬೇಡ.

ಎರಡು, ಪಟ್ಟಿಯ ಮೇಲೆ ಒಂದೇ ಸಾಲಿನಲ್ಲಿ ಕ್ರಮದ ಕಾರಣ ಬರೆದಿರಬೇಕು: ದೂರದ ಪ್ರಕಾರ, ದರದ ಪ್ರಕಾರ. ಹಣ ಕೊಟ್ಟು ಮೇಲೆ ಬಂದವನ ಹೆಸರಿನ ಪಕ್ಕದಲ್ಲಿ, ಹೆಸರಿನಷ್ಟೇ ದಪ್ಪಕ್ಷರದಲ್ಲಿ, ಜಾಹೀರಾತು ಎಂದು ಕನ್ನಡದಲ್ಲಿ ಬರೆದಿರಬೇಕು.

ಮೂರು, ಲಾಡ್ಜಿನ ಫೋನು ಸಂಖ್ಯೆ ಕಾಣಬೇಕು. ಸಂಖ್ಯೆ ಬಚ್ಚಿಡುವುದು ಟವಲು ಮುಚ್ಚುವುದೇ.

ನಾಲ್ಕು, ರಸೀದಿಯಲ್ಲಿ ಮೂರು ಸಾಲು ಇರಬೇಕು: ಲಾಡ್ಜಿಗೆ ಎಷ್ಟು, ಸರಕಾರಕ್ಕೆ ಎಷ್ಟು, ನಡುವಿನವನಿಗೆ ಎಷ್ಟು. ಅಡಿಕೆ ಮಂಡಿಯ ಚೀಟಿಯಲ್ಲಿ ಹಮಾಲಿ, ತೂಕ, ದಲ್ಲಾಳಿ ಬೇರೆ ಬೇರೆ ಬರೆಯುವುದಿಲ್ಲವೇ?

ಐದು, ರದ್ದು ಮಾಡುವ ಗುಂಡಿ ಹಣ ಕಟ್ಟುವ ಗುಂಡಿಯಷ್ಟೇ ದೊಡ್ಡದಿರಬೇಕು, ಅಷ್ಟೇ ಹತ್ತಿರವಿರಬೇಕು. ಓಡುವ ಗಡಿಯಾರ, ನೋಡುತ್ತಿರುವ ಜನ, ಕೊನೆಯ ಕೋಣೆ ಇವೆಲ್ಲ ಅಳಿಯಬೇಕು.

ಆರು, ಹುಡುಕುವ ಚೌಕಗಳಲ್ಲಿ ನಮ್ಮ ಬದುಕು ಇರಬೇಕು. ಈಜುಕೊಳ ಇದೆಯೇ ಎಂದು ಕೇಳುವ ಚೌಕ ಇದೆ. ಬಸ್ ನಿಲ್ದಾಣದಿಂದ ಎಷ್ಟು ಹೆಜ್ಜೆ, ಮೆಟ್ಟಿಲು ಹತ್ತಲಾಗದ ಮುದುಕಿಗೆ ನೆಲಮಹಡಿಯಲ್ಲಿ ಕೋಣೆ ಇದೆಯೇ, ಬಿಸಿನೀರು ಎಷ್ಟು ಗಂಟೆಗೆ, ರೋಗಿಯ ಗಂಜಿ ಕಾಯಿಸಲು ಒಲೆ ಸಿಗುತ್ತದೆಯೇ, ಕೋಣೆ ಬೇಡ ಒಂದು ಹಾಸಿಗೆ ಸಾಕು ಎನ್ನುವವನಿಗೆ ದರವೇನು ಎಂಬ ಚೌಕಗಳೂ ಇರಬೇಕು.

ಏಳು, ಎಲ್ಲವೂ ಕನ್ನಡದಲ್ಲಿ ಓದಲು ಬರಬೇಕು, ಓದು ಬಾರದವರಿಗೆ ದನಿಯಲ್ಲಿ ಕೇಳಬೇಕು, ಹಳೆಯ ಫೋನಿನಲ್ಲೂ ಓಡಬೇಕು. ಡಿಜಿಟಲ್ ಸೌಲಭ್ಯ ಎಲ್ಲರಿಗೂ ಎಟಕುವುದು ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು 2025ರ ಏಪ್ರಿಲ್ 30ರಂದು ಹೇಳಿದೆ. ನಾವು ಭಿಕ್ಷೆ ಕೇಳುತ್ತಿಲ್ಲ.

ಈ ಏಳರಲ್ಲಿ ಯಾವುದಕ್ಕೂ ಹೊಸ ವಿಜ್ಞಾನ ಬೇಡ. ಬೇಕಾದದ್ದು ಟವಲು ತೆಗೆಯುವ ಮನಸ್ಸು.

ಏನು ಮಾಡಬೇಕು?

ಮನಸ್ಸು ತಾನಾಗಿ ಬರುವುದಿಲ್ಲ, ಒತ್ತಾಯದಿಂದ ಬರುತ್ತದೆ. ಸಂಗಾತಿಗಳೇ, ಇನ್ನು ಮುಂದೆ ಆ್ಯಪಿನಲ್ಲಿ ಲಾಡ್ಜಿನ ಹೆಸರು ನೋಡಿ, ಹಣ ಕಟ್ಟುವ ಮೊದಲು ಲಾಡ್ಜಿಗೇ ಫೋನು ಮಾಡಿ ದರ ಕೇಳಿ. ಮೋಸದ ಪರದೆ ಕಂಡರೆ ಚಿತ್ರ ತೆಗೆದಿಟ್ಟುಕೊಳ್ಳಿ, 1915ಕ್ಕೆ ಕರೆ ಮಾಡಿ ದೂರು ಬರೆಸಿ. ಒಬ್ಬನ ದೂರು ಕಸದ ಬುಟ್ಟಿಗೆ ಹೋಗಬಹುದು. ಒಂದು ಗಿರಣಿಯ ಐನೂರು ಜನರ ದೂರು ಹೋಗಲಾರದು.

ಲಾಡ್ಜಿನವರೇ, ಟ್ಯಾಕ್ಸಿ ಆಟೋದವರೇ, ಊಟದ ಹೋಟಲಿನವರೇ, ಒಬ್ಬೊಬ್ಬರೇ ಹೋಗಿ ಆ ಪಟ್ಟಿಯ ಕಾಲು ಹಿಡಿಯುವುದನ್ನು ಬಿಡಿ. ಜಿಲ್ಲೆಗೊಂದು ಸಹಕಾರಿ ಪಟ್ಟಿ ಮಾಡಿ. ದರ ನಿಮ್ಮದು, ಫೋನು ಸಂಖ್ಯೆ ನಿಮ್ಮದು, ಖರ್ಚಿಗೆ ವರ್ಷಕ್ಕಿಷ್ಟು ಚಂದಾ. ಅದನ್ನು ಬಸ್ ನಿಲ್ದಾಣದಲ್ಲಿ, ಜಿಲ್ಲಾ ಆಸ್ಪತ್ರೆಯ ಬಾಗಿಲಲ್ಲಿ ಫಲಕವಾಗಿ ತೂಗುಹಾಕಲು ಸರಕಾರವನ್ನು ಕೇಳೋಣ. ಮಯೂರ ಹೆಸರಿನಲ್ಲಿ ತಾನೇ ಹೋಟಲು ನಡೆಸುವ ಸರಕಾರಕ್ಕೆ, ಪ್ರಜೆಗಳ ಹೋಟಲುಗಳ ಹೆಸರು ಬರೆದು ಹಾಕುವುದು ಕಷ್ಟದ ಕೆಲಸವಲ್ಲ.

ಕಡೆಯ ಮಾತು ಪರದೆ ಬರೆಯುವ ತರುಣ ತರುಣಿಯರಿಗೆ. ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ ಕುಳಿತ ಮಾತ್ರಕ್ಕೆ ನೀವು ಧಣಿಗಳಾಗಲಿಲ್ಲ. ತಿಂಗಳ ಕೊನೆಗೆ ಸಂಬಳಕ್ಕೆ ಕಾಯುವ ನೀವೂ ದುಡಿಯುವ ಜನವೇ. ನಿಮ್ಮಲ್ಲಿ ಎಷ್ಟೋ ಜನ ನಮ್ಮ ಜಿಲ್ಲೆಗಳಿಂದ ಹೋದವರು, ಹಮಾಲರ ಮಕ್ಕಳು, ಅಂಗಡಿಯವರ ಮಕ್ಕಳು. ನಾಳೆ ನಿಮ್ಮ ಮೇಸ್ತ್ರಿ ಬಂದು, ಕೊನೆಯ ಕೋಣೆ ಎಂದು ಕೆಂಪಕ್ಷರದಲ್ಲಿ ಬರೆ ಎಂದಾಗ ಒಂದು ಪ್ರಶ್ನೆ ಕೇಳಿ: ನಿಜವಾಗಿ ಎಷ್ಟು ಕೋಣೆ ಇವೆ ಸ್ವಾಮಿ? ಆ ಹೊತ್ತಿಗೆ ಯಾವುದೋ ಬಸ್ಸಿನಲ್ಲಿ ನಿಮ್ಮ ಅಪ್ಪನೇ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಹೊರಟ ನಿಮ್ಮ ಅವ್ವನೇ ಆ ಪರದೆ ನೋಡುತ್ತಿರಬಹುದು.

ಟವಲಿನ ಕೆಳಗೆ ನಮ್ಮ ಕೈ ಒತ್ತಿದ ಕಾಲ ಸಾಕು. ದರ ಹಲಗೆಯ ಮೇಲೆ ಬರಲಿ.